ಘಟ್ಟದ ಭಾರ ಹೊತ್ತ ಉಕ್ಕಿನ ಪಟ್ಟಿ

ಸಿದ್ದಾಪುರದಿಂದ ಕುಮಟಾಕ್ಕೆ ಇಳಿಯುವ ದೊಡ್ಮನೆ ಘಟ್ಟದಲ್ಲಿ ಹಳೆಯ ಪಿಕಪ್ ವಾಹನವೊಂದು ಬರುತ್ತಿದ್ದರೆ ಅದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳಿಸುತ್ತದೆ. ಎಂಜಿನ್ನಿನ ಸದ್ದಿಗಿಂತ ಮೊದಲು ಬರುವುದು ಹಿಂದಿನ ಚಕ್ರಗಳ ಮೇಲೆ ಕುಳಿತ ಉಕ್ಕಿನ ಪಟ್ಟಿಗಳ ಕಿರುಗುಟ್ಟುವ ಸದ್ದು. ನಮ್ಮ ಕಡೆಯ ಗ್ಯಾರೇಜಿನವರು ಈ ಪಟ್ಟಿಗಳನ್ನು ‘ಪ್ಲೇಟು’ ಎನ್ನುತ್ತಾರೆ. ಒಂದರ ಕೆಳಗೊಂದು ಜೋಡಿಸಿ, ಬಿಲ್ಲಿನಂತೆ ಬಾಗಿಸಿ, ನಡುವೆ ಬೋಲ್ಟು ಬಿಗಿದ ಈ ಕಟ್ಟಿಗೆ ಅವರ ಭಾಷೆಯಲ್ಲಿ ‘ಪ್ಲೇಟ್ ಸೆಟ್’ ಎಂದು ಹೆಸರು.

ಬಂಧುವೊಬ್ಬರು ಕೆಲವು ವರ್ಷಗಳ ಹಿಂದೆ ಹಳೆಯ ಪಿಕಪ್ ಒಂದನ್ನು ಕೊಂಡು ತಂದರು. ಹಿಂದಿನ ಪ್ಲೇಟುಗಳು ತುಂಡಾಗಿದ್ದವು. ಹೊರಗಿನ ಊರಿನ ಗ್ಯಾರೇಜೊಂದರಲ್ಲಿ ಹೊಸ ಸೆಟ್ ಹಾಕಿಸಿದರು. ಗಾಡಿ ಅಂಗಳಕ್ಕೆ ಬಂದು ನಿಂತಾಗ ನೋಡಿದವರೆಲ್ಲ ಕೇಳಿದ್ದು ಒಂದೇ ಮಾತು: “ಎಂತಾತೋ ಭಾವ, ಗಾಡಿ ಹಿಂದ್ಗಡೆ ಎತ್ತಿಗ್ಯಂಡು ನಿಂತಿದ್ದಲಾ?” ಭಾರ ಹೇರಿದರೆ ಸರಿಹೋಗುತ್ತದೆ ಎಂದು ಅವರು ನಕ್ಕರು. ಮಳೆಗಾಲದ ಒಂದು ಸಂಜೆ ಖಾಲಿ ಗಾಡಿಯಲ್ಲಿ ಘಟ್ಟ ಇಳಿಯುವಾಗ, ತಿರುವಿನಲ್ಲಿ ಬ್ರೇಕು ಒತ್ತಿದೊಡನೆ ಹಿಂಬದಿ ಕುಪ್ಪಳಿಸಿ ಅಡ್ಡ ಜಾರಿತು. ರಸ್ತೆಯಂಚಿನ ಕಲ್ಲಿಗೆ ಚಕ್ರ ತಾಗಿ ನಿಂತದ್ದರಿಂದ ಜೀವ ಉಳಿಯಿತು. ಆ ಕಲ್ಲಿನಾಚೆ ಇದ್ದದ್ದು ಕಣಿವೆ. ಅಪ್ಪಿತಪ್ಪಿ ಬಂದ ಅಳತೆಯ ಒಂದು ಜೊತೆ ಪ್ಲೇಟು ಎಂಥ ಅಪಾಯ ತರಬಲ್ಲದೆಂಬುದು ಅಂದು ತಿಳಿಯಿತು.

ಈ ಪಟ್ಟಿ ನಮ್ಮ ಘಟ್ಟಕ್ಕೆ ಬಂದದ್ದು ಹೇಗೆ? ಅದರ ಅಳತೆ ತಪ್ಪುವುದು ಏಕೆ? ಇದಕ್ಕೆ ಉತ್ತರ ಹುಡುಕಲು ಹೊರಟರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸಾಗಾಟದ ಕಥೆಯೇ ತೆರೆದುಕೊಳ್ಳುತ್ತದೆ.

ಘಟ್ಟದ ಮೇಲಿನ ಅಡಿಕೆ, ಕಾಳುಮೆಣಸು, ಏಲಕ್ಕಿ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದುದು ಶತಮಾನಗಳ ಹಳೆಯ ವ್ಯವಹಾರ. ಮೆಣಸಿಗಾಗಿಯೇ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಸೋದೆಯ ಅರಸರ ಬೊಕ್ಕಸವೂ ಇದೇ ತೋಟಗಳನ್ನು ನಂಬಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಿಕೆ ಮತ್ತು ಮೆಣಸಿನ ತೋಟಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಆದರೆ ಆ ಕಾಲದಲ್ಲಿ ಘಟ್ಟ ಇಳಿಯುತ್ತಿದ್ದ ಸರಕಿನ ಬಹುಪಾಲು ಗಾಡಿಯ ಮೇಲಿರಲಿಲ್ಲ. ಹೇರೆತ್ತುಗಳ ಬೆನ್ನ ಮೇಲೆ, ಹಮಾಲರ ತಲೆಯ ಮೇಲೆ ಇತ್ತು. ಎತ್ತಿನ ಬೆನ್ನಿಗೆ ಸ್ಪ್ರಿಂಗ್ ಬೇಕಿಲ್ಲ. ನಾಲ್ಕು ಕಾಲುಗಳೇ ಆ ಕೆಲಸ ಮಾಡುತ್ತವೆ. ಕಲ್ಲು ಕಂಡರೆ ಅದು ಕಾಲು ಎತ್ತಿ ಇಡುತ್ತದೆ. ಗಾಲಿಗೆ ಆ ಬುದ್ಧಿಯಿಲ್ಲ.

ಗಾಲಿ ಘಟ್ಟಕ್ಕೆ ಬಂದದ್ದು ಹತ್ತಿಯಿಂದ. ಧಾರವಾಡ ಸೀಮೆಯ ಹತ್ತಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕುಮಟಾ ಬಂದರಿಗೆ ಇಳಿದು, ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಹುಟ್ಟಿದ ಊರಿನ ಹೆಸರಲ್ಲ, ಹಡಗೇರಿದ ಊರಿನ ಹೆಸರೇ ಅದಕ್ಕೆ ಅಂಟಿ ‘ಕುಮಟಾ ಹತ್ತಿ’ ಎಂದು ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಗಿ ನಮ್ಮ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಹಾಗೂ ಕಾರವಾರ ಬಂದರಿನ ಲೆಕ್ಕಾಚಾರವಿತ್ತು. ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ಗಾಡಿ ಇಳಿಯುವಂಥ ರಸ್ತೆಗಳು ಬಲಗೊಂಡದ್ದು ಈ ಕಾಲದ ಒತ್ತಡದಲ್ಲಿಯೇ. 1880ರ ದಶಕದ ಕೊನೆಯ ಹೊತ್ತಿಗೆ ಮರ್ಮಗೋವಾ ಬಂದರಿಗೆ ರೈಲು ಹಾದಿ ತೆರೆಯಿತು. ಹತ್ತಿ ಆ ಕಡೆ ಹೊರಳಿತು, ಕುಮಟಾದ ವೈಭವ ಇಳಿಯಿತು. ಆದರೆ ರಸ್ತೆಗಳು ಉಳಿದವು, ಎತ್ತಿನ ಗಾಡಿಗಳೂ ಉಳಿದವು.

ಈ ಭಾರದ ಗಾಡಿಗಳಿಗೆ ಸ್ಪ್ರಿಂಗ್ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮರದ ಚೌಕಟ್ಟು. ಚಕ್ರಕ್ಕೆ ಬಿದ್ದ ಪೆಟ್ಟು ಸರಕಿಗೂ ಬಿತ್ತು, ಎತ್ತಿನ ಹೆಗಲಿಗೂ ಬಿತ್ತು. ಗಂಟೆಗೆ ಎರಡು ಮೂರು ಮೈಲಿ ನಡೆಯುವ ಗಾಡಿಗೆ ಅದು ಸಾಕಾಗಿತ್ತು. ಕೂರುವವರ ಗಾಡಿಯ ಮಾತು ಬೇರೆ. ಯುರೋಪಿನಲ್ಲಿ ಮೊದಲು ಸಾರೋಟಿನ ತೊಟ್ಟಿಲನ್ನು ಚರ್ಮದ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಉಕ್ಕಿನ ಸ್ಪ್ರಿಂಗುಗಳ ಬಳಕೆ ಹಬ್ಬಿತು. 1804ರಲ್ಲಿ ಲಂಡನ್ನಿನ ಸಾರೋಟು ತಯಾರಕ ಒಬಡೈಯಾ ಎಲಿಯಟ್ ಎಂಬುವನು ಎರಡು ಬಿಲ್ಲುಗಳನ್ನು ಎದುರುಬದುರಾಗಿ ಜೋಡಿಸಿದಂಥ ಸ್ಪ್ರಿಂಗನ್ನು ರೂಪಿಸಿ ಹಕ್ಕುಪತ್ರ ಪಡೆದ. ಅದರಿಂದ ಸಾರೋಟು ಹಗುರವಾಯಿತು, ತಗ್ಗಾಯಿತು. ನಮ್ಮ ಪಟ್ಟಣಗಳ ಜಟಕಾ, ಟಾಂಗಾಗಳ ಅಡಿಯಲ್ಲಿದ್ದ ಕಮಾನು ಪಟ್ಟಿಗಳೂ ಇದೇ ವಂಶದವು. ಆ ಬಿಲ್ಲುಗಳಲ್ಲಿ ಒಂದನ್ನು ತೆಗೆದು ಒಂದನ್ನೇ ಉಳಿಸಿಕೊಂಡದ್ದು ಇಂದಿನ ಲಾರಿ, ಪಿಕಪ್‌ಗಳ ಪ್ಲೇಟ್ ಸೆಟ್. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರು ಕೂಡ ಹಿಂದೆ ಮುಂದೆ ಒಂದೊಂದು ಅಡ್ಡ ಪ್ಲೇಟ್ ಸೆಟ್ಟಿನ ಮೇಲೆಯೇ ಓಡಿತು.

ಮಲೆನಾಡಿನ ಒಳದಾರಿಗಳಿಗೆ ಈ ಪ್ಲೇಟನ್ನು ತಂದದ್ದು ಜೀಪು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ಅಮೆರಿಕದ ವಿಲ್ಲೀಸ್ ಕಂಪನಿ ತಯಾರಿಸಿದ ಜೀಪಿನ ಪ್ಲೇಟು ಒಂದೂ ಮುಕ್ಕಾಲು ಅಂಗುಲ ಅಗಲದ್ದು. ಹಿಂದಿನ ಸೆಟ್ 42 ಅಂಗುಲ ಉದ್ದ. ಮುಂದಿನದು ಅದಕ್ಕಿಂತ ಸುಮಾರು ಅರ್ಧ ಅಡಿ ಗಿಡ್ಡ. ಭಾರವನ್ನು ಹೆಚ್ಚು ಹೊರುವುದು ಹಿಂಬದಿ, ಆದ್ದರಿಂದ ಅದರ ಅಳತೆಯೇ ಬೇರೆ. ಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಹರಾಜಿನಲ್ಲಿ ನಾಗರಿಕರ ಕೈಸೇರಿದವು. 1945ರಲ್ಲಿ ಹುಟ್ಟಿದ ಮಹೀಂದ್ರಾ ಸಂಸ್ಥೆ 1947ರಿಂದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. 1954ರಲ್ಲಿ ಟೆಲ್ಕೋ ಜೆಮ್‌ಶೆಡ್‌ಪುರದಲ್ಲಿ ಮರ್ಸಿಡಿಸ್ ಬೆಂಜ್ ಸಹಯೋಗದ ಲಾರಿಗಳನ್ನು ತಯಾರಿಸತೊಡಗಿತು. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಯಲ್ಲಾಪುರ, ದಾಂಡೇಲಿಗಳ ಕಾಡಿನಿಂದ ನಾಟಾ ಮತ್ತು ಬಿದಿರು ಹೊತ್ತ ಲಾರಿಗಳ ಸಾಲು ಹೊರಟಿತು.

ಕಾಡಿನ ಲಾರಿಗಳು ದೊಡ್ಡ ದಾರಿಯವು. ಕೇರಿಯ ದಾರಿ ಜೀಪಿನದು. ನಮ್ಮ ಸೀಮೆಯ ಮನೆಗಳು ಒಂದೊಂದು ಕಣಿವೆಯಲ್ಲಿ ಒಂದೊಂದು. ತೋಟ ತಗ್ಗಿನಲ್ಲಿ, ಸೊಪ್ಪಿನ ಬೆಟ್ಟ ಮೇಲೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಆ ಬೆಟ್ಟದ ಸೊಪ್ಪು, ದರಕು ತೋಟಕ್ಕೆ ಇಳಿಯಬೇಕು. ಒಣಗಿದ ಅಡಿಕೆ ಶಿರಸಿಯ ಪೇಟೆಗೆ ಹೋಗಬೇಕು. ಬೆಳೆಗಾರರೇ 1923ರಲ್ಲಿ ಕಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ಅಡಿಕೆಯ ವ್ಯಾಪಾರವನ್ನು ದಲ್ಲಾಳಿಗಳ ಹಿಡಿತದಿಂದ ಬಿಡಿಸಲು ದಾರಿ ತೋರಿತು. ಆದರೆ ಸಂಘದ ಅಂಗಳದವರೆಗೆ ಚೀಲ ಮುಟ್ಟಿಸುವ ಹೊಣೆ ರೈತನದೇ. ಜೀಪು ಆ ಹೊಣೆ ಹೊತ್ತಿತು. ಬಾಣಂತಿ, ರೋಗಿ, ದಿಬ್ಬಣ, ಯಕ್ಷಗಾನದ ಪೆಟ್ಟಿಗೆ, ಅಡಿಕೆಯ ಮೂಟೆ ಎಲ್ಲವೂ ಅದರಲ್ಲಿಯೇ. 1988ರಲ್ಲಿ ಟಾಟಾಮೊಬೈಲ್ ಬಂತು, ಮಹೀಂದ್ರಾದ ಪಿಕಪ್‌ಗಳು ಬಂದವು, 2005ರಲ್ಲಿ ಟಾಟಾ ಏಸ್ ಬಂತು. ಇವೆಲ್ಲವುಗಳ ಹಿಂಬದಿಯ ಭಾರ ಹೊತ್ತದ್ದು ಅದೇ ಹಳೆಯ ಉಕ್ಕಿನ ಪಟ್ಟಿ.

ಅಳತೆಯ ಗೊಂದಲದ ಬೀಜ ಈ ಇತಿಹಾಸದಲ್ಲೇ ಇದೆ. ಜೀಪಿನ ವಂಶ ಬೆಳೆದಂತೆ ಮೂತಿ ಅದೇ ಉಳಿಯಿತು, ಚಾಸಿ ಉದ್ದವಾಯಿತು. ಅದೇ ಹೆಸರಿನ ಗಾಡಿಯಲ್ಲಿ ಪೆಟ್ರೋಲ್ ಎಂಜಿನ್ ಹೋಗಿ ಭಾರದ ಡೀಸೆಲ್ ಎಂಜಿನ್ ಬಂತು. ಒಂದೇ ಹೆಸರಿನ ಪಿಕಪ್ ಬೇರೆ ಬೇರೆ ಭಾರ ಹೊರುವ ಮಾದರಿಗಳಲ್ಲಿ ಹೊರಬಂತು. ಗಾಡಿ ಹಳತಾದಷ್ಟೂ ಕಂಪನಿಯ ಅಸಲಿ ಬಿಡಿಭಾಗ ಸಿಗುವುದು ಕಷ್ಟ. ಗುಜರಿಯ ಪ್ಲೇಟು, ಬೇರೆ ಗಾಡಿಯ ಪ್ಲೇಟು, ಪೇಟೆಯಲ್ಲಿ ಬಡಿದು ಮಾಡಿದ ಪ್ಲೇಟು ಒಂದೇ ಸೆಟ್ಟಿನಲ್ಲಿ ಸೇರುತ್ತವೆ. ಇದರ ಜೊತೆಗೆ ಮಾಲೀಕನ ಆಸೆಯೊಂದಿದೆ. ಇನ್ನೆರಡು ಪ್ಲೇಟು ಹಾಕಿದರೆ ಇನ್ನಷ್ಟು ಚೀಲ ಹೇರಬಹುದೆಂಬ ಲೆಕ್ಕ. ಚೀಲ ಹೇರಬಹುದು ನಿಜ. ಆದರೆ ಪ್ಲೇಟು ಹೆಚ್ಚಿದರೆ ಬ್ರೇಕು ಹೆಚ್ಚುವುದಿಲ್ಲ. ಟಯರು, ಅಚ್ಚು, ಚಾಸಿ ಹಿಂದೆ ಇದ್ದಷ್ಟೇ ಬಲದವು. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿಯಲ್ಲಿ ಬರೆದ ತೂಕವೂ ಪ್ಲೇಟಿನ ಎಣಿಕೆಯಿಂದ ಬದಲಾಗುವುದಿಲ್ಲ.

ಈ ಪಟ್ಟಿಯ ಲೆಕ್ಕ ಕೊಂಚ ವಿಚಿತ್ರವಾದದ್ದು. ಎಣಿಕೆ ಎರಡು ಪಟ್ಟಾದರೆ ಗಡುಸೂ ಎರಡು ಪಟ್ಟು. ಅಗಲಕ್ಕೂ ಅದೇ ನಿಯಮ. ಆದರೆ ದಪ್ಪದ ಲೆಕ್ಕ ಘನದಲ್ಲಿ ನಡೆಯುತ್ತದೆ. 6 ಮಿಲಿಮೀಟರ್ ದಪ್ಪದ ಪ್ಲೇಟಿನ ಬದಲು 8 ಮಿಲಿಮೀಟರಿನದನ್ನು ಹಾಕಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಕಡ್ಡಿಯಷ್ಟು. ಗಡುಸು ಮಾತ್ರ ಎರಡು ಪಟ್ಟಿಗೂ ಮೀರಿ, ಸುಮಾರು 2.4 ಪಟ್ಟಾಗುತ್ತದೆ. ಉದ್ದದ ಲೆಕ್ಕ ಇದಕ್ಕೆ ತಿರುಗುಮುರುಗು. ನೂರಕ್ಕೆ ಹತ್ತರಷ್ಟು ಗಿಡ್ಡವಾದ ಸೆಟ್ ಹಾಕಿದರೆ ಗಡುಸು ನೂರಕ್ಕೆ 37ರಷ್ಟು ಏರುತ್ತದೆ. ಹೀಗಾಗಿ ‘ಹೆಚ್ಚುಕಡಿಮೆ ಅದೇ’ ಎಂಬ ಮಾತು ಪ್ಲೇಟಿನ ವಿಷಯದಲ್ಲಿ ಸಲ್ಲದು.

ಗಡುಸಾದ ಪ್ಲೇಟಿನ ಗಾಡಿ ಖಾಲಿ ಇದ್ದಾಗ ಹೆಚ್ಚು ಅಪಾಯಕಾರಿ. ಹೊಂಡಕ್ಕೆ ಬಿದ್ದ ಚಕ್ರ ಕೆಳಕ್ಕೆ ಚಾಚಿ ನೆಲವನ್ನು ಹಿಡಿಯುವ ಬದಲು ಇಡೀ ಹಿಂಬದಿಯನ್ನು ಎತ್ತಿ ಕುಪ್ಪಳಿಸುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿದು ಪ್ರಯೋಜನವಿಲ್ಲ. ನಮ್ಮ ಬಂಧುವಿನ ಗಾಡಿ ಘಟ್ಟದಲ್ಲಿ ಜಾರಿದ್ದು ಹೀಗೆ.

ಉದ್ದ ತಪ್ಪಿದರೆ ಇನ್ನೊಂದು ಬಗೆಯ ತೊಂದರೆ. ಹಿಂದಿನ ಪ್ಲೇಟಿನ ಮುಂದಿನ ಕಣ್ಣು ಸಾಮಾನ್ಯವಾಗಿ ಚಾಸಿಗೆ ಪಿನ್ನಿನಿಂದ ಭದ್ರ. ಹಿಂದಿನ ಕಣ್ಣು ಮಾತ್ರ ‘ಶ್ಯಾಕಲ್’ ಎಂಬ ತೂಗು ಕೊಂಡಿಯಲ್ಲಿ ನೇತಾಡುತ್ತದೆ. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಹೆಚ್ಚಿನ ಉದ್ದಕ್ಕೆ ಜಾಗ ಕೊಡುವುದು ಈ ಕೊಂಡಿ. ಸೆಟ್ ಉದ್ದವಾಗಿದ್ದರೆ ಕೊಂಡಿ ಮೊದಲೇ ಹಿಂದಕ್ಕೆ ಮಲಗಿರುತ್ತದೆ, ಭಾರ ಬಿದ್ದಾಗ ಸರಿಯಲು ಎಡೆಯಿಲ್ಲದೆ ಚಾಸಿಗೆ ಒತ್ತುತ್ತದೆ. ಆಗ ಮೇನ್ ಪ್ಲೇಟಿನ ಕಣ್ಣು ಒಡೆಯುತ್ತದೆ, ಇಲ್ಲವೇ ಬ್ರಾಕೆಟ್ ಬಿರಿಯುತ್ತದೆ. ಸೆಟ್ ಗಿಡ್ಡವಾಗಿದ್ದರೆ ಕೊಂಡಿ ಮುಂದಕ್ಕೆ ಎಳೆದುಕೊಂಡಿರುತ್ತದೆ, ದೊಡ್ಡ ಹೊಂಡದಲ್ಲಿ ಅದು ತಲೆಕೆಳಗಾಗಿ ಮಗುಚುವುದೂ ಉಂಟು. ಅಗಲ ಕಡಿಮೆಯಾದರೆ ವಾಷರ್ ತುಂಬಿ ಸರಿದೂಗಿಸುತ್ತಾರೆ. ಕೆಲವೇ ದಿನಗಳಲ್ಲಿ ಆ ವಾಷರ್ ಸವೆದು ಅಚ್ಚು ಅತ್ತಿತ್ತ ಸರಿಯತೊಡಗುತ್ತದೆ.

ನಡುವಿನ ಸೆಂಟರ್ ಬೋಲ್ಟಿನದು ಮತ್ತೊಂದು ಕಥೆ. ಕೆಲವು ಸೆಟ್ಟುಗಳಲ್ಲಿ ಅದು ಸರಿಯಾಗಿ ಮಧ್ಯದಲ್ಲಿರುವುದಿಲ್ಲ. ಮುಂದಿನ ಭಾಗ ಗಿಡ್ಡ, ಹಿಂದಿನದು ಉದ್ದ. ಬೇರೆ ಗಾಡಿಯ ಸೆಟ್ ಹಾಕಿದರೆ ಅಥವಾ ಹಿಂದು ಮುಂದಾಗಿ ಕೂರಿಸಿದರೆ ಅಚ್ಚೇ ತನ್ನ ಜಾಗ ಬಿಟ್ಟು ಸರಿಯುತ್ತದೆ. ಎರಡು ಬದಿಯಲ್ಲಿ ಬೇರೆ ಬೇರೆ ಸೆಟ್ ಇದ್ದರಂತೂ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ. ಹಿಂಬದಿ ಎತ್ತರವಾದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಅದರ ಕ್ರಾಸುಗಳು ಬೇಗ ಸವೆಯುತ್ತವೆ, ನಿರ್ದಿಷ್ಟ ವೇಗದಲ್ಲಿ ಗಾಡಿಯ ಮೈಯೆಲ್ಲ ನಡುಗುತ್ತದೆ. ಬ್ರೇಕಿನ ರಬ್ಬರ್ ನಳಿಗೆ ಬಿಗಿಯಾಗಿ ಎಳೆಯುತ್ತದೆ. ಕೆಲವು ಪಿಕಪ್‌ಗಳಲ್ಲಿ ಹಿಂಬದಿಯ ಎತ್ತರ ನೋಡಿ ಬ್ರೇಕಿನ ಒತ್ತಡ ಹಂಚುವ ವಾಲ್ವ್ ಇದೆ. ಗಾಡಿ ಎತ್ತಿಕೊಂಡು ನಿಂತರೆ ಅದು ಸದಾ ಖಾಲಿ ಎಂದೇ ಭಾವಿಸಿ, ಭಾರವಿದ್ದಾಗಲೂ ಹಿಂದಿನ ಚಕ್ರಕ್ಕೆ ಕಡಿಮೆ ಬ್ರೇಕು ಕೊಡುತ್ತದೆ. ಘಟ್ಟದಲ್ಲಿ ಇದರರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಸೆಟ್ಟನ್ನು ಸರಿಪಡಿಸುವ ಅಡ್ಡದಾರಿಗಳು ಬಹಳ. ಒಂದೆರಡು ಪ್ಲೇಟು ಕಿತ್ತು ಹಾಕುವುದು, ಗ್ಯಾಸಿನಲ್ಲಿ ಕಾಯಿಸಿ ಬಡಿದು ತಗ್ಗಿಸುವುದು, ತುಂಡಾದದ್ದನ್ನು ವೆಲ್ಡ್ ಮಾಡುವುದು, ಉದ್ದನೆಯ ಶ್ಯಾಕಲ್ ಹಾಕುವುದು. ಇವುಗಳಲ್ಲಿ ಕಾಯಿಸುವುದು ಮತ್ತು ವೆಲ್ಡ್ ಮಾಡುವುದು ಅತ್ಯಂತ ಕೆಟ್ಟವು. ಈ ಉಕ್ಕಿನಲ್ಲಿ ನೂರಕ್ಕೆ ಅರ್ಧ ಭಾಗಕ್ಕೂ ಹೆಚ್ಚು ಇಂಗಾಲವಿರುತ್ತದೆ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಬೆರೆತಿರುತ್ತವೆ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾದ ಶಾಖದಲ್ಲಿಟ್ಟು ಅದಕ್ಕೆ ಪುಟಿಯುವ ಗುಣ ತಂದಿರುತ್ತಾರೆ. ಮನಬಂದಂತೆ ಬೆಂಕಿ ಹಿಡಿದರೆ ಒಂದೆಡೆ ಮೆತ್ತಗಾಗುತ್ತದೆ, ವೆಲ್ಡಿನ ಪಕ್ಕದಲ್ಲಿ ಗಾಜಿನಂತೆ ಪೆಡಸಾಗುತ್ತದೆ. ಒಂದಲ್ಲ ಒಂದು ದಿನ ಅಲ್ಲಿಯೇ ಮುರಿಯುತ್ತದೆ.

ಸರಿಯಾದ ದಾರಿ ಅಳತೆಯಿಂದ ಶುರುವಾಗುತ್ತದೆ. ಗಾಡಿಯನ್ನು ಖಾಲಿ ಮಾಡಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಚಕ್ರದ ನಡುವಿನಿಂದ ಚಾಸಿಯವರೆಗೆ ಎರಡೂ ಬದಿ ಅಳೆದು ಬರೆದಿಡಬೇಕು. ಪ್ಲೇಟಿನ ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿನವರೆಗಿನ ಉದ್ದ, ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟಿನವರೆಗಿನ ದೂರ, ಅಗಲ, ಒಂದೊಂದು ಪ್ಲೇಟಿನ ದಪ್ಪ, ಒಟ್ಟು ಎಣಿಕೆ ಹಾಗೂ ಬಾಗಿನ ಎತ್ತರ ಇವಿಷ್ಟು ಬೇಕು. ಇವನ್ನು ಚಾಸಿ ನಂಬರಿನ ಆಧಾರದಲ್ಲಿ ಬಿಡಿಭಾಗದ ಪಟ್ಟಿಯೊಡನೆ ಹೋಲಿಸಬೇಕು. ಪಟ್ಟಿ ಸಿಗದಿದ್ದರೆ ಅದೇ ವರ್ಷದ, ಅದೇ ಮಾದರಿಯ, ಪ್ಲೇಟು ಬದಲಾಯಿಸದ ಗಾಡಿಯೊಂದನ್ನು ಹುಡುಕಿ ಅಳೆಯಬೇಕು. ಬದಲಾಯಿಸುವಾಗ ಎರಡೂ ಬದಿಯ ಸೆಟ್ಟನ್ನು ಒಟ್ಟಿಗೇ ಬದಲಾಯಿಸಬೇಕು. ಬಿಗಿದು ಎಳೆದ ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸಬಾರದು. ಸೆಂಟರ್ ಬೋಲ್ಟಿನ ತಲೆ ಅಚ್ಚಿನ ಮೇಲಿನ ಕುಳಿಯಲ್ಲಿ ಸರಿಯಾಗಿ ಕೂತಿದೆಯೆಂದು ನೋಡಿಯೇ ಯು ಬೋಲ್ಟು ಬಿಗಿಯಬೇಕು. ರಬ್ಬರ್ ಬುಶ್ ಇದ್ದರೆ ಕಣ್ಣಿನ ಪಿನ್ನುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯದಾಗಿ ಬಿಗಿಯಬೇಕು. ಜಾಕಿನ ಮೇಲೆ ತೂಗುವಾಗ ಬಿಗಿದರೆ ಬುಶ್ ತಿರುಚಿ ಹರಿಯುತ್ತದೆ. ನಾಲ್ಕು ದಿನ ಓಡಿದ ಮೇಲೆ ಯು ಬೋಲ್ಟನ್ನು ಇನ್ನೊಮ್ಮೆ ಬಿಗಿಯುವುದನ್ನು ಮರೆಯಬಾರದು. ಪಟ್ಟಿಗಳು ಹೊಸತಾಗಿ ಒಂದಕ್ಕೊಂದು ಹೊಂದಿಕೊಂಡಾಗ ಅದು ಸಡಿಲಾಗುತ್ತದೆ. ಸಡಿಲಾದರೆ ಮೊದಲು ಕತ್ತರಿಸುವುದು ಸೆಂಟರ್ ಬೋಲ್ಟು.

ಬಂಧುವಿನ ಗಾಡಿಗೆ ಹೀಗೆಯೇ ಮಾಡಿದ್ದು. ಅಳೆದು ನೋಡಿದರೆ ಹಾಕಿದ್ದ ಸೆಟ್ ಅದೇ ಹೆಸರಿನ, ಹೆಚ್ಚು ಭಾರ ಹೊರುವ ಇನ್ನೊಂದು ಮಾದರಿಯದು. ಎಣಿಕೆಯಲ್ಲಿ ಒಂದು ಪ್ಲೇಟು ಹೆಚ್ಚು, ದಪ್ಪದಲ್ಲಿ ಒಂದು ಮಿಲಿಮೀಟರ್ ಹೆಚ್ಚು, ಬಾಗಿನಲ್ಲಿ ಎರಡು ಬೆರಳು ಹೆಚ್ಚು. ಶಿರಸಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಎರಡು ದಿನ ಹುಡುಕಿ ಸರಿ ಅಳತೆಯದನ್ನು ತರಿಸಿ ಕೂರಿಸಿದರು. “ಪ್ಲೇಟು ಹೊತ್ತುಕೊಳ್ಳೋಕೆ ಮಾತ್ರ ಅಲ್ಲ ಹೆಗಡೇರೇ, ಬಗ್ಗೋಕೂ ಬೇಕು” ಎಂದರು ಅವರು. ಗಾಡಿ ಮಟ್ಟಸವಾಗಿ ನಿಂತಿತು. ಖಾಲಿ ಇದ್ದಾಗ ಕುಪ್ಪಳಿಸುವುದೂ ನಿಂತಿತು.

ಕಳಚಿದ ಪ್ಲೇಟು ಮಲೆನಾಡಿನಲ್ಲಿ ವ್ಯರ್ಥವಾಗುವುದಿಲ್ಲ. ಕಮ್ಮಾರಸಾಲೆಯಲ್ಲಿ ಗಾಡಿ ಪ್ಲೇಟಿನ ಉಕ್ಕಿಗೆ ಮೊದಲಿನಿಂದಲೂ ಮರ್ಯಾದೆ. ಹದವರಿತ ಆಚಾರಿ ಅದನ್ನು ಮೆಲ್ಲನೆ ಕಾಯಿಸಿ, ಬಡಿದು, ಮತ್ತೆ ನೀರುಣಿಸಿ ಕತ್ತಿ ಮಾಡುತ್ತಾನೆ. ಗಾಡಿಗೆ ಒಗ್ಗದೆ ಕಳಚಿಕೊಂಡ ಆ ಸೆಟ್ಟಿನ ಮೇನ್ ಪ್ಲೇಟಿನಿಂದಲೂ ಎರಡು ಕತ್ತಿಗಳಾದವು. ಒಂದು ಬಂಧುವಿನ ಮನೆಯಲ್ಲಿದೆ. ಇನ್ನೊಂದು ನಮ್ಮ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದೆ. ವರ್ಷವೂ ಬೆಟ್ಟದಲ್ಲಿ ಸೊಪ್ಪು ಕಡಿಯುವ ದಿನ ಅದನ್ನೇ ಕೈಗೆತ್ತಿಕೊಳ್ಳುತ್ತೇವೆ.